ಫೋನಿನ ಮೇಲೆ ಏರಿದ ಬೋಜಾ

ಜಮಖಂಡಿಯ ಯಾವುದೇ ಮೊಬೈಲ್ ರಿಪೇರಿ ಅಂಗಡಿಯ ಮುಂದೆ ಸಂಜೆ ಅರ್ಧ ತಾಸು ನಿಂತರೆ ಇಂಥದೊಂದು ಮಾತು ಕಿವಿಗೆ ಬಿದ್ದೇ ಬೀಳುತ್ತದೆ: ‘ಅಣ್ಣಾರ, ಇದಕ್ಕ ವೈರಸ್ ಹೊಕ್ಕೈತಿ ನೋಡ್ರಿ. ತಾಸಿಗೆ ನಾಕ್ ಸಲ ಟಣ್ ಅಂತೈತಿ, ಏನೇನೋ ಹೊಲಸು ಚಿತ್ರ ಬರ್ತಾವು. ಮನ್ಯಾಗ ಹುಡುಗ್ರ ಮುಂದ ಫೋನ್ ತಗ್ಯಾಕ ನಾಚಿಕಿ ಆಗ್ತೈತಿ.’ ಅಂಗಡಿಯವನ ಉತ್ತರವೂ ಸಿದ್ಧವಾಗಿರುತ್ತದೆ: ‘ಫಾರ್ಮ್ಯಾಟ್ ಹೊಡೀಬೇಕಾಗ್ತೈತ್ರಿ.’ ಹೊಡೆದರೆ ಕಾಟ ನಿಲ್ಲುತ್ತದೆ, ನಿಜ. ಅದರ ಜೊತೆ ಮಗಳ ಮದುವೆಯ ಫೋಟೊ, ಬರೆದಿಟ್ಟುಕೊಂಡ ಲೆಕ್ಕ ಎಲ್ಲ ಹೋಗುತ್ತವೆ. ಕೆಲವೇ ವಾರಗಳಲ್ಲಿ ಟಣ್ ಟಣ್ ಮತ್ತೆ ಶುರು. ಏಕೆಂದರೆ ಬಹಳಷ್ಟು ಸಲ ಅಲ್ಲಿ ವೈರಸ್ ಇರುವುದೇ ಇಲ್ಲ. ಇರುವುದು, ಫೋನಿನ ಒಡೆಯ ತನ್ನದೇ ಬೆರಳಿನಿಂದ ಕೊಟ್ಟ ಒಂದು ಪರವಾನಗಿ.

ಅದನ್ನು ಕೊಡಿಸಿಕೊಳ್ಳುವ ಬಗೆ ನೋಡಿ. ಮುಧೋಳದ ಕಬ್ಬು ಬೆಳೆಗಾರನಿಗೆ ಹೊಲದ ಉತಾರ ಬೇಕು. ರಬಕವಿ-ಬನಹಟ್ಟಿಯ ನೇಕಾರನಿಗೆ ನೇಕಾರ ಸಮ್ಮಾನ್ ಯೋಜನೆಯ ಹಣ ಬಂತೋ ಇಲ್ಲವೋ ತಿಳಿಯಬೇಕು. ಬೀಳಗಿಯ ಹುಡುಗಿಗೆ ಹತ್ತನೇ ತರಗತಿಯ ಫಲಿತಾಂಶ ಬೇಕು, ಅದೂ ಲಕ್ಷಾಂತರ ಮಕ್ಕಳು ಒಮ್ಮೆಲೇ ಮುಗಿಬಿದ್ದು ಸರಕಾರಿ ತಾಣ ತೆರೆಯಲಾರದೆ ಒದ್ದಾಡುತ್ತಿರುವ ಹೊತ್ತಿನಲ್ಲಿ. ಗೂಗಲ್‌ನಲ್ಲಿ ಹುಡುಕಿದರೆ ಸರಕಾರದ್ದಲ್ಲದ ಹತ್ತಾರು ಪುಟಗಳು ಬರುತ್ತವೆ. ಅವುಗಳಲ್ಲೊಂದನ್ನು ಒತ್ತಿದರೆ ಪರದೆಯ ನಡುವೆ ಚಕ್ರ ತಿರುಗತೊಡಗುತ್ತದೆ. ಕೆಳಗೆ ‘ನೀವು ರೋಬೋಟ್ ಅಲ್ಲವೆಂದು ತೋರಿಸಲು ಅಲೋ ಒತ್ತಿ’ ಎಂಬ ಸಾಲು. ಅದೇ ಕ್ಷಣಕ್ಕೆ ಬ್ರೌಸರ್ ತನ್ನ ಪುಟ್ಟ ಪೆಟ್ಟಿಗೆಯಲ್ಲಿ ಕೇಳುತ್ತದೆ: ಈ ತಾಣ ನಿಮಗೆ ನೋಟಿಫಿಕೇಶನ್ ಕಳಿಸಬಹುದೇ? ಎರಡೂ ಬೇರೆ ಬೇರೆ ಪ್ರಶ್ನೆಗಳು. ಅವಸರದಲ್ಲಿದ್ದವನಿಗೆ ಅವು ಒಂದೇ ಆಗಿ ಕಾಣುತ್ತವೆ, ಮೋಸ ಇರುವುದೂ ಅಲ್ಲೇ.

ವೆಬ್ ತಾಣಗಳು ಹೀಗೆ ನೋಟಿಫಿಕೇಶನ್ ಕಳಿಸುವ ಸೌಲಭ್ಯವನ್ನು ಕ್ರೋಮ್ 2015ರ ಏಪ್ರಿಲ್‌ನಲ್ಲಿ, ಫೈರ್‌ಫಾಕ್ಸ್ 2016ರ ಜನವರಿಯಲ್ಲಿ ತಂದವು. ಉದ್ದೇಶವೇನೋ ಒಳ್ಳೆಯದೇ ಇತ್ತು. ಪತ್ರಿಕೆಯ ತಾಣವನ್ನು ತೆರೆಯದಿದ್ದರೂ ಮುಖ್ಯ ಸುದ್ದಿ ನಿಮಗೆ ಮುಟ್ಟಲಿ ಎಂದು. ಅಲೋ ಒತ್ತಿದೊಡನೆ ಬ್ರೌಸರ್ ಆ ತಾಣಕ್ಕೆ ಒಂದು ವಿಶಿಷ್ಟ ವಿಳಾಸ ಮತ್ತು ಬೀಗದ ಕೈಗಳನ್ನು ಕೊಡುತ್ತದೆ. ತಾಣದವರು ಅದನ್ನು ತಮ್ಮ ಕಂಪ್ಯೂಟರಿನಲ್ಲಿ ಇಟ್ಟುಕೊಳ್ಳುತ್ತಾರೆ. ಇತ್ತ ನಿಮ್ಮ ಫೋನಿನಲ್ಲಿ ‘ಸರ್ವಿಸ್ ವರ್ಕರ್’ ಎಂಬ ಸಣ್ಣ ಪ್ರೋಗ್ರಾಂ ಉಳಿಯುತ್ತದೆ. ಅವರು ಕಳಿಸಿದ ಸಂದೇಶ ಗೂಗಲ್‌ನ ಸರ್ವರಿನ ಮೂಲಕ ಬಂದು ಈ ಪ್ರೋಗ್ರಾಮನ್ನು ಎಬ್ಬಿಸುತ್ತದೆ, ಅದು ಪರದೆಯ ಮೇಲೆ ಪಟ್ಟಿ ಬಿಡಿಸುತ್ತದೆ. ಪುಟ ಮುಚ್ಚಿ ಆರು ತಿಂಗಳಾಗಿದ್ದರೂ ಸರಿ.

ಸೊಸೈಟಿಯ ಸಾಲ ತೀರಿಸಿದ ಮಾತ್ರಕ್ಕೆ ಉತಾರದ ಮೇಲಿನ ಬೋಜಾ ತಾನಾಗಿ ಇಳಿಯುವುದಿಲ್ಲವಲ್ಲ, ಅರ್ಜಿ ಕೊಟ್ಟು ಇಳಿಸಬೇಕು, ಇದೂ ಹಾಗೆಯೇ. ಪುಟ ಮುಚ್ಚಿದರೆ, ಹಿಸ್ಟರಿ ಅಳಿಸಿದರೆ, ಫೋನ್ ಆಫ್ ಮಾಡಿ ಆನ್ ಮಾಡಿದರೆ ಕೊಟ್ಟ ಅನುಮತಿ ರದ್ದಾಗದು. ಅನುಮತಿಯ ಪಟ್ಟಿಗೇ ಹೋಗಿ ತೆಗೆಯಬೇಕು.

ದಾರಿ ಇಷ್ಟೇ. ಕಾಟ ಕೊಡುವ ನೋಟಿಫಿಕೇಶನ್ ಬಂದಾಗ ಅದನ್ನು ಸರಿಸಿಬಿಡಬೇಡಿ, ತೆರೆಯಲೂ ಬೇಡಿ. ಅದರ ಮೇಲೆ ಬೆರಳನ್ನು ಎರಡು ಕ್ಷಣ ಒತ್ತಿ ಹಿಡಿಯಿರಿ. ಯಾವ ಆ್ಯಪ್ ಕಳಿಸಿತು ಎಂದು ಕಾಣುತ್ತದೆ. ಕ್ರೋಮ್ ಎಂದಿದ್ದರೆ ತಾಣದ ಹೆಸರೂ ಅಲ್ಲೇ ಇರುತ್ತದೆ; ಅರ್ಥವಿಲ್ಲದ ಅಕ್ಷರಗಳ ಸಾಲು, ಕೊನೆಗೆ ಕೇಳರಿಯದ ಬಾಲ. ಅಲ್ಲಿಂದಲೇ ಬಂದ್ ಮಾಡಬಹುದು. ಅದಕ್ಕಿಂತ ಒಳ್ಳೆಯದೆಂದರೆ ಕ್ರೋಮ್ ತೆರೆದು, ಮೂರು ಚುಕ್ಕಿ ಒತ್ತಿ, ಸೆಟ್ಟಿಂಗ್ಸ್, ಸೈಟ್ ಸೆಟ್ಟಿಂಗ್ಸ್, ನೋಟಿಫಿಕೇಶನ್ಸ್ ಎಂದು ಹೋಗಿ ‘ಅಲೋ’ ಆದವರ ಪಟ್ಟಿಯನ್ನು ಪೂರ್ತಿ ಓದುವುದು. ಮನೆಮಂದಿಯೆಲ್ಲ ಬಳಸುವ ಫೋನಾದರೆ ಅಲ್ಲಿ ದೊಡ್ಡ ಸಂತೆಯೇ ನೆರೆದಿರುತ್ತದೆ. ಗುರುತಿಲ್ಲದವರನ್ನೆಲ್ಲ ಬ್ಲಾಕ್ ಮಾಡಿ. ನನ್ನ ಅಭಿಪ್ರಾಯ ಕೇಳಿದರೆ ಎಲ್ಲರನ್ನೂ ಕಳೆದು, ಅನುಮತಿ ಕೇಳುವುದನ್ನೇ ನಿಲ್ಲಿಸಿಬಿಡುವುದು ಮೇಲು. ವೆಬ್ ತಾಣದ ನೋಟಿಫಿಕೇಶನ್ ಇಲ್ಲದೆ ಕೆಟ್ಟವರನ್ನು ನಾನು ಕಂಡಿಲ್ಲ.

ಇದು ನಮ್ಮೊಬ್ಬರ ಬೇಸರವಲ್ಲ. ಫೈರ್‌ಫಾಕ್ಸ್ ತಯಾರಿಸುವ ಮೊಜಿಲ್ಲಾ 2019ರಲ್ಲಿ ಹೇಳಿದ ಪ್ರಕಾರ, ಇಂಥ ಕೋರಿಕೆಗಳಲ್ಲಿ ಸುಮಾರು ಶೇಕಡಾ 99ಕ್ಕೆ ಜನ ಒಪ್ಪಿಗೆಯನ್ನೇ ಕೊಟ್ಟಿರಲಿಲ್ಲ. ಹೀಗಾಗಿ 2020ರ ಜನವರಿಯಿಂದ ಫೈರ್‌ಫಾಕ್ಸ್, ಬಳಕೆದಾರ ಪುಟದಲ್ಲಿ ಏನನ್ನಾದರೂ ಒತ್ತುವವರೆಗೆ ಆ ಪೆಟ್ಟಿಗೆ ಏಳದಂತೆ ಮಾಡಿತು. ಕ್ರೋಮ್ ಕೂಡ ಅದೇ ವರ್ಷ ಕೋರಿಕೆಯ ಸದ್ದಡಗಿಸುವ ವ್ಯವಸ್ಥೆ ತಂದಿತು. ಒಂದು ತೊಡಕು ಮಾತ್ರ ಉಳಿಯಿತು. ಈ ಸಂದೇಶಗಳು ತಾಣದಿಂದ ಬ್ರೌಸರಿನವರೆಗೆ ಗೂಢಲಿಪಿಯಲ್ಲಿ ಸಾಗುತ್ತವೆ, ನಡುವಿನ ಸರ್ವರ್ ಅವುಗಳ ಒಳಗೇನಿದೆ ಎಂದು ಓದಲಾರದು. ಅದಕ್ಕೇ ಗೂಗಲ್ 2025ರಲ್ಲಿ ಆಂಡ್ರಾಯ್ಡ್ ಕ್ರೋಮ್‌ಗೆ, ಮೋಸದ ನೋಟಿಫಿಕೇಶನ್ ಎಂದು ಅನುಮಾನ ಬಂದರೆ ಫೋನಿನೊಳಗೇ ಪರೀಕ್ಷಿಸಿ ಎಚ್ಚರಿಸುವ ಏರ್ಪಾಡು ಸೇರಿಸಿತು. ಐಫೋನಿನಲ್ಲಿ ಈ ಕಾಟ ಕಡಿಮೆ. ಅಲ್ಲಿ ವೆಬ್ ನೋಟಿಫಿಕೇಶನ್ ಬಂದದ್ದೇ 2023ರಲ್ಲಿ, ಅದೂ ತಾಣವನ್ನು ಹೋಮ್ ಸ್ಕ್ರೀನಿಗೆ ಸೇರಿಸಿಕೊಂಡವರಿಗೆ ಮಾತ್ರ. ನಮ್ಮ ತಾಲ್ಲೂಕುಗಳಲ್ಲಿ ಕೈಕೈಯಲ್ಲೂ ಇರುವುದು ಆಂಡ್ರಾಯ್ಡ್.

ಇನ್ನು, ಒಂದನ್ನು ಒತ್ತಿದರೆ ಇನ್ನೊಂದು ತೆರೆಯುವ ಕಾಟ. ಸಿನಿಮಾ ಇಳಿಸುವ ಪುಟದಲ್ಲಿ ಇದು ಮಾಮೂಲು. ಪುಟದ ಮೇಲೆ ಕಣ್ಣಿಗೆ ಕಾಣದ ಒಂದು ಪಾರದರ್ಶಕ ಪದರ ಹಾಸಿರುತ್ತಾರೆ, ಎಲ್ಲಿ ಒತ್ತಿದರೂ ಅದಕ್ಕೇ ತಾಗುತ್ತದೆ. ಅಲ್ಲಿಂದ ಒಂದೆರಡು ಕ್ಷಣದಲ್ಲಿ ನಾಲ್ಕಾರು ವಿಳಾಸಗಳನ್ನು ದಾಟಿಸುತ್ತಾರೆ. ದಾರಿಯಲ್ಲಿ ಸಿಗುವ ಸರ್ವರುಗಳು ನಿಮ್ಮ ದೇಶ, ಫೋನು, ನೆಟ್‌ವರ್ಕ್ ನೋಡಿ ನಿಮ್ಮನ್ನು ಯಾರಿಗೆ ಮಾರಿದರೆ ಹೆಚ್ಚು ದುಡ್ಡು ಎಂದು ಲೆಕ್ಕ ಹಾಕುತ್ತವೆ. ಒಂದೇ ಲಿಂಕು ನಿಮಗೆ ಜೂಜಿನ ಆ್ಯಪ್, ಗೆಳೆಯನಿಗೆ ‘ಬಹುಮಾನ ಬಂದಿದೆ’ ಎಂಬ ಪುಟ ತೋರಿಸುವುದು ಇದರಿಂದಲೇ. ಬ್ಯಾಕ್ ಒತ್ತಿದರೂ ಹಿಂದೆ ಬರಲಾಗದಂತೆ ಹಿಸ್ಟರಿಯಲ್ಲಿ ಸುಳ್ಳು ಮೆಟ್ಟಿಲುಗಳನ್ನು ತುರುಕಿರುತ್ತಾರೆ. ಅಂಥಲ್ಲಿ ಬ್ಯಾಕ್ ಒತ್ತುತ್ತ ಕೂರದೆ ಆ ಟ್ಯಾಬನ್ನೇ ಮುಚ್ಚಿ.

‘ನಿಮ್ಮ ಫೋನಿನಲ್ಲಿ 13 ವೈರಸ್ ಇವೆ’ ಎಂದು ಕೆಂಪಾಗಿ ಹೆದರಿಸುವ ಪುಟವೂ ಇದೇ ದಾರಿಯಲ್ಲಿ ಸಿಗುತ್ತದೆ. ಫೋನು ಗಡಗಡ ನಡುಗುತ್ತದೆ, ಫೋನಿನ ಮಾದರಿಯ ಹೆಸರೂ ಸರಿಯಾಗಿ ಬಂದಿರುತ್ತದೆ. ಹೆದರಬೇಡಿ. ಮಾದರಿಯ ಹೆಸರನ್ನು ಬ್ರೌಸರೇ ತಾಣಕ್ಕೆ ಹೇಳಬಲ್ಲದು, ಫೋನನ್ನು ನಡುಗಿಸಲು ಪುಟಕ್ಕೆ ಒಂದೇ ಸಾಲಿನ ಆದೇಶ ಸಾಕು. ಫೋನಿನೊಳಗೆ ಕೈಹಾಕಿ ವೈರಸ್ ಹುಡುಕುವ ಶಕ್ತಿ ಮಾತ್ರ ಯಾವ ವೆಬ್ ಪುಟಕ್ಕೂ ಇಲ್ಲ. ಅವರು ಕೊಡುವ ‘ಕ್ಲೀನರ್’ ಇಳಿಸಿಕೊಂಡರೆ ಆಗ ನಿಜವಾದ ಪೀಡೆ ಒಳಬರುತ್ತದೆ.

ಅಂಥ ಪೀಡೆ ಎಷ್ಟು ದೊಡ್ಡದಾಗಬಲ್ಲದು ಎಂಬುದಕ್ಕೆ ಭಾರತವೇ ಉದಾಹರಣೆ. 2019ರ ಜುಲೈನಲ್ಲಿ ಚೆಕ್ ಪಾಯಿಂಟ್ ಎಂಬ ಇಸ್ರೇಲಿ ಭದ್ರತಾ ಸಂಸ್ಥೆ ‘ಏಜೆಂಟ್ ಸ್ಮಿತ್’ ಎಂಬುದನ್ನು ಬಯಲಿಗೆಳೆಯಿತು. ಜಗತ್ತಿನಲ್ಲಿ ಅದು ಹೊಕ್ಕ ಸುಮಾರು 2.5 ಕೋಟಿ ಆಂಡ್ರಾಯ್ಡ್ ಫೋನುಗಳಲ್ಲಿ 1.5 ಕೋಟಿ ಭಾರತದವು. ಪ್ಲೇ ಸ್ಟೋರಿನ ಹೊರಗಿನ 9ಆ್ಯಪ್ಸ್ ಎಂಬ ಅಂಗಡಿಯಿಂದ ಇಳಿಸಿಕೊಂಡ ಆಟ, ಫೋಟೊ ಆ್ಯಪ್‌ಗಳ ಮರೆಯಲ್ಲಿ ಬಂದು, ಫೋನಿನಲ್ಲಿ ಮೊದಲೇ ಇದ್ದ ಸಾಚಾ ಆ್ಯಪ್‌ಗಳನ್ನು ಜಾಹೀರಾತು ತುಂಬಿದ ನಕಲಿಯಿಂದ ಬದಲಿಸುತ್ತಿತ್ತು. ಬಳಕೆದಾರ ದಿನವೂ ತೆರೆಯುವ ಆ್ಯಪೇ ಅವನಿಗೆ ಎರಡು ಬಗೆಯುತ್ತಿದ್ದರೂ ಅವನಿಗೆ ಗೊತ್ತಾಗುತ್ತಿರಲಿಲ್ಲ. ಅದಕ್ಕೂ ಮುನ್ನ, 2017ರ ಜೂನ್‌ನಲ್ಲಿ, ಅದೇ ಸಂಸ್ಥೆ ‘ಫೈರ್‌ಬಾಲ್’ ಬಗ್ಗೆ ಹೇಳಿತ್ತು. ಉಚಿತ ಸಾಫ್ಟ್‌ವೇರಿನ ಬೆನ್ನೇರಿ ಕಂಪ್ಯೂಟರ್ ಹೊಕ್ಕು, ಬ್ರೌಸರಿನ ಮುಖಪುಟ ಮತ್ತು ಸರ್ಚ್ ಎಂಜಿನ್ ಬದಲಿಸುವುದು ಅದರ ಕಸುಬು. ಬೇಕಾಗಿದ್ದು ನಿಮ್ಮ ಹುಡುಕಾಟದಿಂದ ಹುಟ್ಟುವ ಜಾಹೀರಾತಿನ ದುಡ್ಡು. ಜಗತ್ತಿನಲ್ಲಿ 25 ಕೋಟಿ ಕಂಪ್ಯೂಟರ್, ಅದರಲ್ಲಿ ಭಾರತದ್ದೇ 2.53 ಕೋಟಿ ಎಂದು ಚೆಕ್ ಪಾಯಿಂಟ್ ಲೆಕ್ಕ ಕೊಟ್ಟಿತು. ಇದು ಉಬ್ಬಿಸಿದ ಲೆಕ್ಕ ಎಂದು ಮೈಕ್ರೋಸಾಫ್ಟ್ ಆಕ್ಷೇಪಿಸಿತು. ಭದ್ರತಾ ಕಂಪನಿಗಳ ಸಂಖ್ಯೆಗಳನ್ನು ಸ್ವಲ್ಪ ಕೈಹಿಡಿದೇ ನಂಬಬೇಕು, ಅವರದೂ ವ್ಯಾಪಾರವೇ.

ಆ್ಯಪಿನಿಂದ ಬರುವ ಜಾಹೀರಾತಿನ ಲಕ್ಷಣ ಬೇರೆ. ಬ್ರೌಸರ್ ತೆರೆಯದಿದ್ದರೂ, ಯಾರಿಗೋ ಕರೆ ಮಾಡಿ ಮುಗಿಸುವಷ್ಟರಲ್ಲಿ ಪೂರ್ತಿ ಪರದೆಯನ್ನೇ ಮುಚ್ಚುತ್ತದೆ. ಆಗ ಇತ್ತೀಚೆಗೆ ತೆರೆದ ಆ್ಯಪ್‌ಗಳ ಸಾಲು ತೋರಿಸುವ ಗುಂಡಿ ಒತ್ತಿ, ಆ ಜಾಹೀರಾತಿನ ಮೇಲ್ತುದಿಯ ಚಿಹ್ನೆ ನೋಡಿ. ಬಹಳಷ್ಟು ಸಲ ಟಾರ್ಚು, ಕ್ಯೂಆರ್ ಸ್ಕ್ಯಾನರು, ವಾಲ್‌ಪೇಪರು, ಇಲ್ಲವೇ ‘ಫೋನ್ ಫಾಸ್ಟ್’ ಮಾಡುವ ಆ್ಯಪ್ ಸಿಕ್ಕಿಬೀಳುತ್ತದೆ. ಕೆಲವಕ್ಕೆ ಚಿಹ್ನೆಯೇ ಇರುವುದಿಲ್ಲ, ಸೆಟ್ಟಿಂಗ್ಸ್‌ನ ಆ್ಯಪ್ ಪಟ್ಟಿಯಲ್ಲಿ ಹೆಸರಿಲ್ಲದ ಖಾಲಿ ಸಾಲಾಗಿ ಕೂತಿರುತ್ತವೆ. ತೆಗೆಯಲು ಬಿಡದಿದ್ದರೆ ಫೋನನ್ನು ಸೇಫ್ ಮೋಡಿನಲ್ಲಿ ಶುರು ಮಾಡಿ. ಹೊರಗಿನಿಂದ ಬಂದ ಆ್ಯಪ್‌ಗಳು ಆಗ ಓಡುವುದಿಲ್ಲ. ಡಿವೈಸ್ ಅಡ್ಮಿನ್ ಪಟ್ಟಿಯಿಂದ ಅದನ್ನು ಇಳಿಸಿ, ಆಮೇಲೆ ಅನ್‌ಇನ್‌ಸ್ಟಾಲ್ ಮಾಡಿ. ಬೇರೆ ಆ್ಯಪ್‌ಗಳ ಮೇಲೆ ಕಾಣಿಸಿಕೊಳ್ಳುವ ಅನುಮತಿ ಯಾರಿಗೆಲ್ಲ ಇದೆ ಎಂಬುದನ್ನೂ ಒಮ್ಮೆ ನೋಡಿ. ಟಾರ್ಚಿಗೆ ಅದೇಕೆ ಬೇಕು?

ಲಾಕ್ ಆದ ಪರದೆಯ ಮೇಲೆ ದಿನಕ್ಕೊಂದು ಚಿತ್ರ, ಸುದ್ದಿ ತೋರಿಸುವ ‘ಗ್ಲಾನ್ಸ್’ ಕಂಡು ಕೆಲವರು ಗಾಬರಿಯಾಗುತ್ತಾರೆ. ಅದು ವೈರಸ್ ಅಲ್ಲ. ಬೆಂಗಳೂರಿನ ಇನ್‌ಮೊಬಿ ಬಳಗದ್ದು, ಹಲವು ಫೋನುಗಳಲ್ಲಿ ಕಂಪನಿಯವರೇ ಹಾಕಿ ಕಳಿಸುತ್ತಾರೆ. ಬೇಡವೆಂದರೆ ಲಾಕ್ ಸ್ಕ್ರೀನ್ ಸೆಟ್ಟಿಂಗ್ಸ್‌ನಲ್ಲಿ ಬಂದ್ ಮಾಡಿಕೊಳ್ಳಬಹುದು.

ಝೆರಾಕ್ಸ್ ಅಂಗಡಿ, ಗ್ರಾಮ ಒನ್ ಕೇಂದ್ರಗಳ ಕಂಪ್ಯೂಟರುಗಳದು ಬೇರೆ ಕಥೆ. ಅಲ್ಲಿ ದಿನಕ್ಕೆ ಹಲವರ ಅರ್ಜಿ ತುಂಬಬೇಕು, ಒಬ್ಬರ ಕೆಲಸಕ್ಕೆ ಒತ್ತಿದ ಅಲೋ ಮುಂದಿನವರ ತಲೆಗೂ ಬರುತ್ತದೆ. ಪಿಡಿಎಫ್ ಚಿಕ್ಕದು ಮಾಡುವ, ಫೋಟೊ ಅಳತೆ ಬದಲಿಸುವ ಎಕ್ಸ್‌ಟೆನ್ಶನ್‌ಗಳನ್ನು ಅಲ್ಲಿ ಬ್ರೌಸರಿಗೆ ಸಲೀಸಾಗಿ ಸೇರಿಸಿಬಿಡುತ್ತಾರೆ. ‘ಎಲ್ಲ ತಾಣಗಳಲ್ಲಿನ ನಿಮ್ಮ ಮಾಹಿತಿ ಓದುವ, ಬದಲಿಸುವ’ ಅನುಮತಿ ಕೇಳುವ ಎಕ್ಸ್‌ಟೆನ್ಶನ್ನಿಗೆ ಗ್ರಾಹಕರ ಆಧಾರ್ ತುಂಬುವ ಪುಟವೂ ಕಾಣುತ್ತದೆ ಎಂಬುದನ್ನು ಕೇಂದ್ರ ನಡೆಸುವವರು ಮರೆಯಬಾರದು. ಎಕ್ಸ್‌ಟೆನ್ಶನ್ ತೆಗೆದರೂ ಮತ್ತೆ ಬರುತ್ತಿದ್ದರೆ ಕ್ರೋಮ್‌ನ ಮೂರು ಚುಕ್ಕಿಯ ಮೆನುವಿನ ತುದಿ ನೋಡಿ. ನಿಮ್ಮ ಸ್ವಂತ ಕಂಪ್ಯೂಟರಿನಲ್ಲಿ ‘ನಿಮ್ಮ ಸಂಸ್ಥೆ ಇದನ್ನು ನಿರ್ವಹಿಸುತ್ತಿದೆ’ ಎಂದಿದ್ದರೆ, ಯಾವುದೋ ಪ್ರೋಗ್ರಾಂ ಒಳಗಿನಿಂದ ನಿಯಮ ಹೇರಿರುವ ಸಾಧ್ಯತೆ ಹೆಚ್ಚು. ವಿಂಡೋಸ್‌ನ ಪ್ರೋಗ್ರಾಂ ಪಟ್ಟಿಯನ್ನು ತಾರೀಖಿನ ಪ್ರಕಾರ ಜೋಡಿಸಿ, ಕಾಟ ಶುರುವಾದ ದಿನ ಬಂದವರು ಯಾರೆಂದು ಹುಡುಕಿ ತೆಗೆಯಿರಿ. ಆಮೇಲೆ ಕ್ರೋಮ್ ಸೆಟ್ಟಿಂಗ್ಸ್ ರಿಸೆಟ್ ಮಾಡಿದರೆ ಎಕ್ಸ್‌ಟೆನ್ಶನ್‌ಗಳು ಬಂದ್ ಆಗುತ್ತವೆ; ಬುಕ್‌ಮಾರ್ಕ್, ಪಾಸ್‌ವರ್ಡ್ ಉಳಿಯುತ್ತವೆ. ಮಾಲ್‌ವೇರ್‌ಬೈಟ್ಸ್‌ನವರ ಆ್ಯಡ್‌ಡಬ್ಲ್ಯುಕ್ಲೀನರ್ ಈ ಕೆಲಸಕ್ಕೆ ಹೇಳಿ ಮಾಡಿಸಿದ ಉಚಿತ ಸಾಧನ. ಕೇಂದ್ರ ಸರಕಾರದ ಸರ್ಟ್-ಇನ್ 2017ರಲ್ಲಿ ತೆರೆದ ಸೈಬರ್ ಸ್ವಚ್ಛತಾ ಕೇಂದ್ರದ ತಾಣದಲ್ಲೂ ಉಚಿತ ಸಾಧನಗಳು ಸಿಗುತ್ತವೆ, ಅದನ್ನು ಬಲ್ಲವರು ಕಡಿಮೆ.

ಅಪರೂಪಕ್ಕೆ ಮನೆಯ ವೈಫೈಗೆ ಸೇರಿದ ಫೋನುಗಳೆಲ್ಲ ಒಟ್ಟಿಗೆ ಬೇರೆ ತಾಣಕ್ಕೆ ಹಾರುತ್ತವೆ, ಸಿಮ್ ಡೇಟಾದಲ್ಲಿ ಸರಿಯಾಗಿರುತ್ತವೆ. ಹಾಗಾದರೆ ದೋಷ ರೌಟರಿನಲ್ಲಿದೆ. ತಾಣದ ಹೆಸರನ್ನು ಅಂಕಿಯ ವಿಳಾಸಕ್ಕೆ ತಿರುಗಿಸಿಕೊಡುವ ಡಿಎನ್‌ಎಸ್ ಸರ್ವರನ್ನು ಯಾರೋ ಬದಲಿಸಿದ್ದಾರೆ. 2011ರ ನವೆಂಬರ್‌ನಲ್ಲಿ ಅಮೆರಿಕದ ಎಫ್‌ಬಿಐ ಹಿಡಿದ ‘ಡಿಎನ್‌ಎಸ್ ಚೇಂಜರ್’ ಜಾಲ ಸುಮಾರು 40 ಲಕ್ಷ ಕಂಪ್ಯೂಟರುಗಳಲ್ಲಿ ಮಾಡಿದ್ದು ಇದನ್ನೇ. ರೌಟರ್ ರಿಸೆಟ್ ಮಾಡಿಸಿ, ಕಂಪನಿ ಕೊಟ್ಟ ಪಾಸ್‌ವರ್ಡ್ ಬದಲಿಸಿ.

ಸರಕಾರಿ ತಾಣಗಳ ವಿಳಾಸ ‘ಜಿಓವಿ ಡಾಟ್ ಇನ್’ ಅಥವಾ ‘ಎನ್‌ಐಸಿ ಡಾಟ್ ಇನ್’ ಎಂದು ಮುಗಿಯುತ್ತದೆ. ಉತಾರ, ಫಲಿತಾಂಶ ನೋಡುವಾಗ ಹೆಸರಿನ ಆ ಬಾಲವನ್ನು ಮೊದಲು ನೋಡಿ. ಯಾವುದೋ ಪುಟದ ಬಲೆಗೆ ಬಿದ್ದು ಖಾತೆಯಿಂದ ದುಡ್ಡು ಹೋಗಿದ್ದರೆ ಫೋನ್ ರಿಪೇರಿ ಆಮೇಲೆ, ಮೊದಲು ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ. ಹಣ ಮುಂದಿನ ಖಾತೆಗಳಿಗೆ ಹಂಚಿಹೋಗುವ ಮೊದಲು ದೂರು ಮುಟ್ಟಿದರೆ ಅದನ್ನು ತಡೆಹಿಡಿಯಲು ಬರುತ್ತದೆ, ತಡವಾದಷ್ಟೂ ಕಷ್ಟ.