ಬೋರ್‌ವೆಲ್ ನೀರಿಗೆ ಸಾಫ್ಟ್‌ನರ್: ಹಾಕಿಸುವ ಮುನ್ನ ತಿಳಿಯಬೇಕಾದದ್ದು

ಮಡಕಶಿರಾ: ಬಿಂದಿಗೆಯ ತಳದಲ್ಲಿ ಬಿಳಿ ಪೊರೆ, ಎಷ್ಟು ತಿಕ್ಕಿದರೂ ನೊರೆ ಬಾರದ ಸೋಪು, ಗಂಟೆಗಟ್ಟಲೆ ಕುದಿಸಿದರೂ ಬೇಯದ ತೊಗರಿಬೇಳೆ. ಮಡಕಶಿರಾ, ರಾಯದುರ್ಗ ಕಡೆ ಬೋರ್‌ವೆಲ್ ನಂಬಿದ ಮನೆಗಳಲ್ಲಿ ಇದು ಹೊಸ ದೂರೇನಲ್ಲ. ನಾವು 'ಉಪ್ಪು ನೀರು' ಎನ್ನುತ್ತೇವೆ, ತೆಲುಗಿನಲ್ಲಿ 'ಉಪ್ಪು ನೀಳ್ಳು'. ಆದರೆ ಈ ತೊಂದರೆಗೆ ಕಾರಣ ಅಡುಗೆ ಉಪ್ಪಲ್ಲ. ಮಳೆ ನೀರು ಮಣ್ಣು, ಬಂಡೆಗಳ ನಡುವೆ ಇಳಿಯುವಾಗ ಕರಗಿಸಿಕೊಂಡು ಬರುವ ಕ್ಯಾಲ್ಸಿಯಂ, ಮೆಗ್ನೀಸಿಯಂ ಲವಣಗಳು. ಇದೇ ಗಡಸು ನೀರು.

ನಮ್ಮ ಮನೆಯಲ್ಲಿ ಎರಡು ಗೀಸರ್ ಕಾಯಿಲ್ ಸುಟ್ಟ ಮೇಲೆ ನಾನೂ ಸಾಫ್ಟ್‌ನರ್ ಹಾಕಿಸಿದೆ. "ಇನ್ನು ಕುಡಿಯೋದಕ್ಕೂ ಇದೇ ನೀರು ಸಾಕು ಸಾರ್" ಎಂದರು ಮಾರಿದವರು. ಬಿ.ಎ. ಓದಿದ ನಾನು ನಂಬಿದೆ. ಆರು ತಿಂಗಳ ನಂತರ ನೀರು ಪರೀಕ್ಷೆ ಮಾಡಿಸಿದರೆ, ಫ್ಲೋರೈಡ್ ಮೊದಲು ಎಷ್ಟಿತ್ತೋ ಅಷ್ಟೇ ಇತ್ತು. ಮನೆಯಲ್ಲಿ ಮೊಮ್ಮಗು ಇದೆ. ಅಂದಿನಿಂದ ಈ ಯಂತ್ರ ಏನು ಮಾಡುತ್ತದೆ, ಏನು ಮಾಡುವುದಿಲ್ಲ ಎಂದು ಕೇಳಿ ತಿಳಿಯತೊಡಗಿದೆ.

ಸಾಫ್ಟ್‌ನರ್ ಎಂದರೆ ಸೋಸುವ ಜರಡಿಯಲ್ಲ. ಒಳಗೆ ಸಾಸಿವೆಗಿಂತ ಸಣ್ಣ ರೆಸಿನ್ ಕಾಳುಗಳಿರುತ್ತವೆ. ಅವು ಸೋಡಿಯಂ ಹಿಡಿದುಕೊಂಡಿರುತ್ತವೆ. ನೀರು ಹಾಯುವಾಗ ಕ್ಯಾಲ್ಸಿಯಂ, ಮೆಗ್ನೀಸಿಯಂ ಹಿಡಿದು ಬದಲಿಗೆ ಸೋಡಿಯಂ ಬಿಟ್ಟುಕೊಡುತ್ತವೆ. ಸಂತೆಯಲ್ಲಿ ರಾಗಿ ಕೊಟ್ಟು ಜೋಳ ತಂದ ಹಾಗೆ, ಅದಲು ಬದಲು ಅಷ್ಟೇ. ಹಾಗಾಗಿ ಟಿ.ಡಿ.ಎಸ್. ಮೀಟರ್ ಅಂಕೆ ಇಳಿಯುವುದಿಲ್ಲ. ಇಳಿಯಲಿಲ್ಲವೆಂದು ಯಂತ್ರವನ್ನು ಬೈಯಬೇಕಿಲ್ಲ.

ಕುಡಿಯುವ ಮಾತು ಬೇರೆ. ಭಾರತೀಯ ಮಾನಕದ ಪ್ರಕಾರ (ಐ.ಎಸ್. 10500, 2012) ಗಡಸುತನ ಲೀಟರಿಗೆ 200 ಮಿಲಿಗ್ರಾಂ ಒಳಗಿರಬೇಕು, ಬೇರೆ ನೀರೇ ಇಲ್ಲದಿದ್ದರೆ 600ರ ತನಕ ಒಪ್ಪಬಹುದು. 600 ಇರುವ ನೀರನ್ನು ಪೂರ್ತಿ ಮೆದು ಮಾಡಿದರೆ ಲೀಟರಿಗೆ ಸುಮಾರು 275 ಮಿಲಿಗ್ರಾಂ ಸೋಡಿಯಂ ಹೊಸದಾಗಿ ಸೇರುತ್ತದೆ. ಬಿ.ಪಿ., ಮೂತ್ರಪಿಂಡದ ತೊಂದರೆ ಇರುವವರಿಗೆ ಇದು ಒಳ್ಳೆಯದಲ್ಲ. ಫ್ಲೋರೈಡ್, ನೈಟ್ರೇಟ್ ಎರಡನ್ನೂ ರೆಸಿನ್ ಮುಟ್ಟುವುದೇ ಇಲ್ಲ. ಕುದಿಸಿದರೂ ಫ್ಲೋರೈಡ್ ಹೋಗದು, ನೀರು ಆವಿಯಾದಷ್ಟು ಅದು ಗಟ್ಟಿಯಾಗುತ್ತದೆ. ಅನಂತಪುರದ ಈ ಸೀಮೆಯಲ್ಲಿ ಮಕ್ಕಳ ಹಲ್ಲಿನ ಕಂದು ಕಲೆ ಯಾರೂ ನೋಡದ್ದಲ್ಲ. ಕುಡಿಯಲು, ಅಡುಗೆಗೆ ಆರ್.ಓ. ನೀರೋ ಶೇಖರಿಸಿದ ಮಳೆ ನೀರೋ ಇರಲಿ. ಸಾಫ್ಟ್‌ನರ್ ನೀರು ಸ್ನಾನ, ಬಟ್ಟೆ, ಗೀಸರಿಗೆ. ಪ್ಲಂಬರ್‌ಗೆ ಹೇಳಿ ಅಡುಗೆಮನೆಯ ಒಂದು ನಲ್ಲಿ, ಗಿಡಗಳ ನಲ್ಲಿಯನ್ನು ಸಾಫ್ಟ್‌ನರ್ ಆಚೆಯಿಂದಲೇ ಬೇರೆ ಎಳೆಸಿಕೊಳ್ಳಿ.

ಕಾಳುಗಳಲ್ಲಿ ಸೋಡಿಯಂ ಮುಗಿದಾಗ ಉಪ್ಪಿನ ನೀರು ಹಾಯಿಸಿ ತೊಳೆಯಬೇಕು. ಲೆಕ್ಕ ಹೀಗೆ: ಒಂದು ಲೀಟರ್ ರೆಸಿನ್ ಸುಮಾರು 50 ಗ್ರಾಂ ಗಡಸುತನ ಹಿಡಿಯುತ್ತದೆ. 25 ಲೀಟರ್ ರೆಸಿನ್ ಇದ್ದು ನೀರಿನ ಗಡಸುತನ 600 ಇದ್ದರೆ ಎರಡು ಸಾವಿರ ಲೀಟರಿಗೆ ಒಮ್ಮೆ ತೊಳೆಯಬೇಕು. ದಿನಕ್ಕೆ 500 ಲೀಟರ್ ಬಳಸುವ ಮನೆಗೆ ಅದು ನಾಲ್ಕು ದಿನ. ಪ್ರತಿ ಸಲ ಸುಮಾರು ನಾಲ್ಕು ಕಿಲೋ ಉಪ್ಪು. ತಿಂಗಳಿಗೆ 30 ಕಿಲೋ. ಖರೀದಿಸುವಾಗ ಈ ಲೆಕ್ಕ ಅಂಗಡಿಯವರಲ್ಲಿ ಮಾಡಿಸಿ. ಯಂತ್ರದ ಬೆಲೆ ಒಂದು ಸಲ, ಉಪ್ಪು ಪ್ರತಿ ತಿಂಗಳು.

ಆ 30 ಕಿಲೋ ಉಪ್ಪು ಎಲ್ಲಿಗೆ ಹೋಗುತ್ತದೆ? ತೊಳೆದ ನೀರನ್ನು ತೆಂಗಿನ ಬುಡಕ್ಕೆ ಬಿಟ್ಟರೆ ಮಣ್ಣು ಕೆಡುತ್ತದೆ. ಬಾವಿ, ಬೋರ್‌ವೆಲ್ ಪಕ್ಕದ ಇಂಗುಗುಂಡಿಗೆ ಬಿಟ್ಟರೆ ನೆರೆಯವರ ನೀರೂ ಕೆಡುತ್ತದೆ. ಊರ ಚರಂಡಿ ಇದ್ದರೆ ಅದಕ್ಕೆ ಬಿಡಿ. ಚರಂಡಿಯಿಲ್ಲದ ಊರಿನಲ್ಲಿ, ಹೊಲದ ನಡುವಿನ ಮನೆಗೆ, ಸಾಫ್ಟ್‌ನರ್ ಬೇಡವೆಂದೇ ನನ್ನ ಮಾತು.

ಮೊದಲು ಗ್ರಾಮೀಣ ನೀರು ಸರಬರಾಜು ಇಲಾಖೆಯ ಪ್ರಯೋಗಾಲಯದಲ್ಲಿ ನೀರು ಪರೀಕ್ಷೆ ಮಾಡಿಸಿ. ಗಡಸುತನ, ಫ್ಲೋರೈಡ್ ಎರಡನ್ನೂ ಬರೆಸಿಕೊಳ್ಳಿ. ಹಾಕಿಸಿದ ಮೇಲೆ ಮನೆಯಲ್ಲೇ ನೋಡಲು ಒಂದು ಉಪಾಯ: ಎರಡು ಬಾಟಲಿಯಲ್ಲಿ ಮಳೆ ನೀರು, ನಲ್ಲಿ ನೀರು ಸಮ ಸಮ ತುಂಬಿ, ಮೈಸೋಪಿನ ಚೂರು ಹಾಕಿ ಅಲ್ಲಾಡಿಸಿ. ಡಿಟರ್ಜೆಂಟ್ ಬೇಡ, ಅದು ಗಡಸು ನೀರಲ್ಲೂ ನೊರೆ ಕೊಡುತ್ತದೆ. ನಲ್ಲಿ ನೀರಿನ ಬಾಟಲಿಯಲ್ಲಿ ನೊರೆ ಕಡಿಮೆಯಾಗಿ ಮೊಸರಿನಂಥ ಗಸಿ ಕಂಡರೆ ಉಪ್ಪು ಹಾಕುವ ದಿನ ಬಂದಿದೆ.