ಮೂರು ವ್ಯಾಟ್ ಸಾಕು

ವಿದುರಾಶ್ವತ್ಥದಂಥ ಕ್ಷೇತ್ರಕ್ಕೆ ಹೋಗಿ ರಾತ್ರಿ ಉಳಿಯಬೇಕಾಯ್ತು ಅಂದ್ಕೊಳ್ಳಿ. ಜನವೋ ಜನ, ಕರೆಂಟ್ ಬೇರೆ ಇಲ್ಲ. ಶೌಚಾಲಯಕ್ಕೆ ಹೋಗೋಕೆ ಮೊಬೈಲ್ ಟಾರ್ಚು, ಬಾಗಿಲ ಹತ್ರ ಅಕ್ಕನೋ ಅತ್ತೆಯೋ ಕಾವಲು. ನಮಗಿದು ಒಂದು ರಾತ್ರಿಯ ಪಾಡು. ನಿರಾಶ್ರಿತರ ಶಿಬಿರದ ಹೆಂಗಸರಿಗೆ ವರ್ಷಗಟ್ಟಲೆ ಇದೇ. ಕತ್ತಲಿಗೆ ಹೆದರಿ ಸಂಜೆ ಮೇಲೆ ನೀರೇ ಕುಡಿಯದವರಿದ್ದಾರೆ.

20 ಜನಕ್ಕೊಂದು ಶೌಚಾಲಯ ಇರಬೇಕು ಅನ್ನುತ್ತೆ ಮಾನವೀಯ ನೆರವಿನ ಮಾನದಂಡಗಳ ಸ್ಫಿಯರ್ ಕೈಪಿಡಿ. ಸರಿ, ಕಟ್ಟಿದ್ರಿ. ಆದರೆ ಬೆಳಕಿಲ್ಲದಿದ್ರೆ ರಾತ್ರಿ ಅದು ಇದ್ದೂ ಇಲ್ಲದಂಗೆ.

ತುಮಕೂರು ಜಿಲ್ಲೆಯ ಪಾವಗಡದಲ್ಲಿ 2,050 ಮೆಗಾವ್ಯಾಟ್ ಸೋಲಾರ್ ಪಾರ್ಕ್ ಇದೆ. ಶೌಚಾಲಯದ ದೀಪಕ್ಕೂ ಬೇಕಾಗಿರೋದು ಅದೇ ಬಯಲುಸೀಮೆ ಬಿಸಿಲು, ಆದರೆ ಬರೀ 3 ವ್ಯಾಟ್‌ಗೆ! 3 ವ್ಯಾಟ್ ಎಲ್‌ಇಡಿ 10 ಗಂಟೆ ಉರಿದ್ರೆ 30 ವ್ಯಾಟ್‌-ಅವರ್. 10 ವ್ಯಾಟ್‌ನ ಪುಟ್ಟ ಪ್ಯಾನೆಲ್ ಒಳ್ಳೆ ಬಿಸಿಲಲ್ಲಿ ಇಷ್ಟನ್ನು ತುಂಬಿಸುತ್ತೆ. 12 ವೋಲ್ಟ್, 6 ಆಂಪಿಯರ್‌-ಅವರ್ ಲಿಥಿಯಂ ಬ್ಯಾಟರಿ ಇದ್ರೆ ಒಂದು ದಿನ ಮೋಡ ಕವಿದ್ರೂ ನಡೆಯುತ್ತೆ.

ಹಗಲಿಗೆ ಇನ್ನೂ ಅಗ್ಗದ ಉಪಾಯ. ತಗಡಿನ ಚಾವಣಿಗೆ ತೂತು ಕೊರೆದು ನೀರು ತುಂಬಿದ ಪ್ಲಾಸ್ಟಿಕ್ ಬಾಟಲಿ ಸಿಕ್ಕಿಸಿ ಬಿಸಿಲನ್ನೇ ಒಳಗೆ ತರೋದು. 2002ರಲ್ಲಿ ಬ್ರೆಜಿಲ್‌ನ ಮೆಕ್ಯಾನಿಕ್ ಆಲ್ಫ್ರೆಡೊ ಮೋಸರ್ ಕಂಡುಹಿಡಿದಿದ್ದು. ನೀರು ಪಾಚಿಗಟ್ಟದಿರಲಿ ಅಂತ ಸ್ವಲ್ಪ ಬ್ಲೀಚ್, ಅಷ್ಟೆ.

ಎಡವೋದು ಎಲ್ಲಿ ಗೊತ್ತಾ? ಟಾರ್ಪಾಲ್ ಗೋಡೆಯ ಒಳಗೆ ಮಾತ್ರ ದೀಪ ಹಾಕಿದ್ರೆ ಒಳಗಿರೋರ ನೆರಳು ಹೊರಗೆ ಕಾಣುತ್ತೆ. ಮಾನ ಕಾಯೋ ದೀಪವೇ ಮಾನ ಕಳೆದಂಗೆ! ಅದಕ್ಕೇ ದಪ್ಪ ಗೋಡೆ, ಒಳಗಡೆ ಚಿಲಕ, ಮತ್ತೆ ಡೇರೆಯಿಂದ ಬಾಗಿಲವರೆಗಿನ ದಾರಿಗೂ ದೀಪ. ಪ್ಯಾನೆಲ್ ಕಳ್ಳರ ಕೈಗೆ ಸಿಗದಷ್ಟು ಎತ್ತರದ ಕಂಬದಲ್ಲಿರಲಿ, ಧೂಳು ಒರೆಸೋಕೆ ಏಣಿ ಶಿಬಿರದವರ ಹತ್ರಾನೇ ಇರಲಿ.