ಗಾಯಗೊಂಡ ಅಕ್ವೇರಿಯಂ ಮೀನಿಗೆ ಅರಿಶಿನ ಹಾಕಿದರೆ ವಾಸಿಯಾಗುತ್ತದೆಯೇ?

ಭಾನುವಾರ ಸಂಜೆ ಅಂಗಡಿಯಿಂದ ಒಂದು ಜೋಡಿ ಏಂಜಲ್ ಮೀನು ತಂದು ಮನೆಯ ಟ್ಯಾಂಕಿಗೆ ಬಿಟ್ಟಿದ್ದೀರಿ. ಬೆಳಿಗ್ಗೆ ನೋಡಿದರೆ ಒಂದರ ಬಾಲ ಹರಿದು ದಾರದಂತಾಗಿದೆ, ಪಕ್ಕೆಯಲ್ಲಿ ಹುರುಪೆ ಕಿತ್ತು ಕೆಂಪಾಗಿದೆ. ಮಗು ಅಳುತ್ತಿದೆ. ಫೋಟೊ ತೆಗೆದು ಫ್ಯಾಮಿಲಿ ಗ್ರೂಪಿಗೆ ಹಾಕಿದ್ದೇ ತಡ, ಸಲಹೆಗಳ ಸುರಿಮಳೆ. ಟ್ಯಾಂಕಿಗೆ ಒಂದು ಚಮಚ ಅರಿಶಿನ ಹಾಕಿ. ಒಂದು ಹಿಡಿ ಕಲ್ಲುಪ್ಪು ಹಾಕಿ. ನೀರು ಪೂರ್ತಿ ಬದಲಿಸಿ. ಅಂಗಡಿಯ ನೀಲಿ ಔಷಧಿ ಹಾಕಿ. ಕೊನೆಗೆ ಒಬ್ಬರಾದರೂ ಹೇಳುತ್ತಾರೆ: ಸತ್ತರೆ ಬೇಜಾರು ಮಾಡಿಕೊಳ್ಳಬೇಡಿ, ಮನೆಗೆ ಬರಬೇಕಿದ್ದ ಕಷ್ಟವನ್ನು ಮೀನು ಹೊತ್ತುಕೊಂಡು ಹೋಗುತ್ತದೆ.

ಇವುಗಳಲ್ಲಿ ಉಪ್ಪಿನ ಮಾತು ಅರ್ಧ ನಿಜ. ನೀಲಿ ಔಷಧಿಗೂ ಅದರದ್ದೇ ಜಾಗ ಇದೆ, ಆದರೆ ಅದು ನಿಮ್ಮ ಟ್ಯಾಂಕಲ್ಲ. ಉಳಿದವು ಗಾಯಗೊಂಡ ಮೀನನ್ನಷ್ಟೇ ಅಲ್ಲ, ಚೆನ್ನಾಗಿರುವ ಮೀನುಗಳನ್ನೂ ಕೊಲ್ಲಬಲ್ಲವು.

ಗಾಯವನ್ನು ವಾಸಿ ಮಾಡುವವರು ಯಾರು?

ಮೀನೇ. ಈ ವಿಷಯದಲ್ಲಿ ಅದು ನಮಗಿಂತ ಗಟ್ಟಿ. ನಮ್ಮ ಚರ್ಮದ ಮೇಲ್ಪದರ ಸತ್ತ ಜೀವಕೋಶಗಳದ್ದು, ಮೀನಿನದು ಹೊರಗಿನವರೆಗೂ ಜೀವಂತ. ಚಿಕ್ಕ ಗಾಯವಾದರೆ ಸುತ್ತಲಿನ ಜೀವಕೋಶಗಳು ಜರುಗಿ ಬಂದು ಕೆಲವೇ ಗಂಟೆಗಳಲ್ಲಿ ಮುಚ್ಚಲು ಶುರುಮಾಡುತ್ತವೆ. ಹರಿದ ಈಜುರೆಕ್ಕೆ ಕೆಲವು ವಾರಗಳಲ್ಲಿ ಮತ್ತೆ ಬೆಳೆಯುತ್ತದೆ, ಉದುರಿದ ಹುರುಪೆಯೂ ಬರುತ್ತದೆ. ನಮ್ಮ ದೇಶದ ಹೊಳೆ, ಗದ್ದೆಗಳಲ್ಲೂ ಸಿಗುವ ಜೀಬ್ರಾ ಮೀನು ಇನ್ನೂ ಒಂದು ಹೆಜ್ಜೆ ಮುಂದೆ. ಅದರ ಹೃದಯದ ಕೆಳಕೋಣೆಯ ಸುಮಾರು 20 ಶೇಕಡಾ ಭಾಗವನ್ನು ಕತ್ತರಿಸಿದರೂ ಅದು ಮತ್ತೆ ಬೆಳೆಯುತ್ತದೆ ಎಂದು 2002ರಲ್ಲಿ ವಿಜ್ಞಾನಿಗಳು ತೋರಿಸಿದರು.

ಹಾಗಿದ್ದರೆ ಬಾಲ ಹರಿದ ಮೀನು ಮೂರೇ ದಿನದಲ್ಲಿ ಸಾಯುವುದೇಕೆ? ಬಹುತೇಕ ಸಲ ಗಾಯದಿಂದಲ್ಲ, ನೀರಿನಿಂದ. ಇಲ್ಲವೇ ಮತ್ತೆ ಮತ್ತೆ ಕಚ್ಚುವ ನೆರೆಹೊರೆಯಿಂದ.

ಕಣ್ಣಿಗೆ ಕಾಣದ ಅಮೋನಿಯಾ

ಮೀನು ಕಿವಿರಿನ ಮೂಲಕ ಸದಾ ಅಮೋನಿಯಾ ಹೊರಹಾಕುತ್ತಲೇ ಇರುತ್ತದೆ. ಹಳೆಯ ಟ್ಯಾಂಕಿನ ಫಿಲ್ಟರ್ ಸ್ಪಂಜಿನಲ್ಲಿ ನೆಲೆಸಿರುವ ಬ್ಯಾಕ್ಟೀರಿಯಾಗಳು ಅದನ್ನು ಮೊದಲು ನೈಟ್ರೈಟ್, ಆಮೇಲೆ ಅಷ್ಟೇನೂ ಅಪಾಯವಿಲ್ಲದ ನೈಟ್ರೇಟ್ ಮಾಡುತ್ತವೆ. ಟ್ಯಾಂಕ್ ಹೊಸದಾಗಿದ್ದರೆ ಅಥವಾ ಒಂದೇ ದಿನ ಆರೇಳು ಮೀನು ತಂದು ಬಿಟ್ಟರೆ ಈ ಬ್ಯಾಕ್ಟೀರಿಯಾಗಳಿಗೆ ಕೆಲಸ ಮುಗಿಸಲು ಆಗುವುದಿಲ್ಲ. ನೀರು ಕನ್ನಡಿಯಂತೆ ತಿಳಿಯಾಗಿರುತ್ತದೆ, ಆದರೆ ಕಿವಿರು ಸುಡುತ್ತಿರುತ್ತದೆ. ಮೀನು ಮೇಲಕ್ಕೆ ಬಂದು ಬಾಯಿ ಬಾಯಿ ಬಿಡುತ್ತಿದ್ದರೆ ಮೊದಲು ಅನುಮಾನಿಸಬೇಕಾದದ್ದು ನೀರನ್ನು.

ತಂದ ಕವರ್‌ನ ನೀರಿನಲ್ಲೂ ಇದೇ ಕಥೆ. ಭಾರತದ ಅಲಂಕಾರಿಕ ಮೀನು ವ್ಯಾಪಾರದ ದೊಡ್ಡ ಕೇಂದ್ರಗಳು ಕೋಲ್ಕತ್ತಾ ಮತ್ತು ಚೆನ್ನೈನ ಕೊಳತ್ತೂರು. ಅಂಥ ಕಡೆಯಿಂದ ಬರುವ ಮೀನು ನಿಮ್ಮ ಕೈಗೆ ಬರುವ ಮುನ್ನವೇ ಹಲವು ಗಂಟೆ ಕವರ್‌ನಲ್ಲಿ ಕಳೆದಿರುತ್ತದೆ. ಮುಚ್ಚಿದ ಕವರ್‌ನಲ್ಲಿ ಕಾರ್ಬನ್ ಡೈಆಕ್ಸೈಡ್ ತುಂಬಿ ನೀರಿನ ಪಿಎಚ್ ಇಳಿದಿರುತ್ತದೆ, ಹಾಗಾಗಿ ಅಮೋನಿಯಾ ಅಷ್ಟಾಗಿ ಕಾಡುವುದಿಲ್ಲ. ಕವರ್ ಬಿಚ್ಚಿದ ಮೇಲೆ ಗ್ಯಾಸ್ ಹೋಗಿ ಪಿಎಚ್ ಏರತೊಡಗುತ್ತದೆ. 25 ಡಿಗ್ರಿ ನೀರಿನಲ್ಲಿ ಪಿಎಚ್ 7ರಿಂದ 8ಕ್ಕೆ ಹೋದರೆ ವಿಷಕಾರಿ ರೂಪದ ಅಮೋನಿಯಾದ ಪ್ರಮಾಣ ಸುಮಾರು ಒಂಬತ್ತು ಹತ್ತು ಪಟ್ಟಾಗುತ್ತದೆ! ಆದ್ದರಿಂದ ಕವರ್ ಬಿಚ್ಚದೆ 15–20 ನಿಮಿಷ ಟ್ಯಾಂಕಿನಲ್ಲಿ ತೇಲಿಸಿ, ಉಷ್ಣತೆ ಸರಿಹೊಂದಿದ ಮೇಲೆ ಬಿಚ್ಚಿ, ಹೆಚ್ಚು ಕಾಯದೆ ಮೀನನ್ನಷ್ಟೇ ಬಿಡಿ. ಕವರ್‌ನ ನೀರು ಸಿಂಕಿಗೆ ಹೋಗಲಿ. ಹಿಡಿಯುವಾಗ ಒರಟು ಬಲೆಗಿಂತ ಪ್ಲಾಸ್ಟಿಕ್ ಲೋಟ ಒಳ್ಳೆಯದು. ಬಲೆಗೆ ಉಜ್ಜಿದರೆ ಮೈಮೇಲಿನ ಲೋಳೆ ಹೋಗುತ್ತದೆ, ರೋಗಾಣುಗಳಿಗೆ ಅದೇ ಮೊದಲ ತಡೆಗೋಡೆ.

ನೀರು ಪೂರ್ತಿ ಬದಲಿಸಿ ಎನ್ನುವ ಸಲಹೆ ಕೆಲಸ ಕೆಡಿಸುವುದು ಇಲ್ಲೇ. ಟ್ಯಾಂಕ್ ಖಾಲಿ ಮಾಡಿ, ಕಲ್ಲುಗಳನ್ನೂ ಫಿಲ್ಟರನ್ನೂ ನಲ್ಲಿಯ ಕೆಳಗೆ ಉಜ್ಜಿ ತೊಳೆದರೆ ಆ ಉಪಕಾರಿ ಬ್ಯಾಕ್ಟೀರಿಯಾಗಳೂ ಕ್ಲೋರಿನ್ ಸೇರಿದ ನೀರಿಗೆ ಸಿಕ್ಕಿ ಸಾಯುತ್ತವೆ. ಟ್ಯಾಂಕ್ ಹೊಳೆಯುತ್ತದೆ, ನಾಲ್ಕನೇ ದಿನ ಮೀನುಗಳು ಒಂದೊಂದಾಗಿ ತೇಲುತ್ತವೆ. ಅದರ ಬದಲು ದಿನಕ್ಕೆ ಕಾಲು ಭಾಗ ನೀರು ಬದಲಿಸಿ. ಬೆಂಗಳೂರಿನ ಕಾವೇರಿ ನೀರಾದರೆ ಆ್ಯಂಟಿ-ಕ್ಲೋರಿನ್ ಹನಿ ಹಾಕಿ ಅಥವಾ ಬಕೆಟ್‌ನಲ್ಲಿ ಒಂದು ದಿನ ತೆರೆದಿಟ್ಟು ಬಳಸಿ. ಸ್ಪಂಜನ್ನು ಟ್ಯಾಂಕಿನಿಂದ ತೆಗೆದ ನೀರಿನಲ್ಲೇ ಹಿಂಡಿ, ಸಾಕು.

ಅರಿಶಿನ, ಉಪ್ಪು, ನೀಲಿ ಔಷಧಿ

ಅರಿಶಿನದ ಮುಖ್ಯ ಅಂಶವಾದ ಕರ್ಕ್ಯುಮಿನ್ ನೀರಿನಲ್ಲಿ ಕರಗುವುದೇ ಇಲ್ಲ ಎನ್ನುವಷ್ಟು ಕಡಿಮೆ. ಹಾಕಿದ ಪುಡಿ ತೇಲುತ್ತದೆ, ಕಿವಿರಿಗೆ ಮೆತ್ತಿಕೊಳ್ಳುತ್ತದೆ, ತಳದಲ್ಲಿ ಕೊಳೆತು ಆಮ್ಲಜನಕ ಕಬಳಿಸುತ್ತದೆ. ನಮ್ಮ ಕೈಯ ಗಾಯಕ್ಕೆ ಅಜ್ಜಿ ಹಚ್ಚುತ್ತಿದ್ದ ಅರಿಶಿನಕ್ಕೂ ಇದಕ್ಕೂ ಸಂಬಂಧವಿಲ್ಲ, ನಾವು ಉಸಿರಾಡುವ ಗಾಳಿಗೆ ಯಾರೂ ಅರಿಶಿನ ಎರಚುವುದಿಲ್ಲವಲ್ಲ.

ಉಪ್ಪಿನ ಹಿಂದೆ ಮಾತ್ರ ಸರಿಯಾದ ಲೆಕ್ಕವಿದೆ. ಸಿಹಿನೀರಿನ ಮೀನಿನ ರಕ್ತ ಸುತ್ತಲಿನ ನೀರಿಗಿಂತ ಉಪ್ಪು. ಚರ್ಮ ಹರಿದಾಗ ಆ ಜಾಗದಿಂದ ನೀರು ಒಳಗೆ ನುಗ್ಗುತ್ತದೆ, ದೇಹದ ಲವಣ ಹೊರಗೆ ಸೋರುತ್ತದೆ. ಇದನ್ನು ಸರಿದೂಗಿಸಲು ಮೀನು ತನ್ನ ಶಕ್ತಿಯೆಲ್ಲ ಖರ್ಚು ಮಾಡಬೇಕು. ನೀರಿಗೆ ಲೀಟರಿಗೆ 1ರಿಂದ 2 ಗ್ರಾಂ ಉಪ್ಪು ಸೇರಿಸಿದರೆ ಈ ಹೊರೆ ಇಳಿಯುತ್ತದೆ. 20 ಲೀಟರಿನ ಟಬ್ಬಿಗೆ 20 ಗ್ರಾಂ, ಅಂದರೆ ಸುಮಾರು ನಾಲ್ಕು ಟೀ ಚಮಚದಿಂದ ಶುರುಮಾಡಿ. ಬೇರೆ ಪಾತ್ರೆಯಲ್ಲಿ ಕರಗಿಸಿ, ದಿನದಲ್ಲಿ ಮೂರು ಕಂತಾಗಿ ಹಾಕಿ. ಒಂದು ಹಿಡಿ ಎನ್ನುವುದು ಅಳತೆಯಲ್ಲ. ಉಪ್ಪು ಆವಿಯಾಗುವುದಿಲ್ಲ ಎಂಬುದೂ ನೆನಪಿರಲಿ. ಆರಿದ ನೀರನ್ನು ತುಂಬಿಸುವಾಗ ಮತ್ತೆ ಉಪ್ಪು ಹಾಕುತ್ತಾ ಹೋದರೆ ಪ್ರಮಾಣ ಏರುತ್ತಲೇ ಹೋಗುತ್ತದೆ. ಟ್ಯಾಂಕಿನ ಗಿಡಗಳಿಗೂ ಕೆಲವು ಜಾತಿಯ ಮೀನುಗಳಿಗೂ ಉಪ್ಪು ಆಗಿಬರುವುದಿಲ್ಲ, ಹಾಗಾಗಿ ಇದು ಬೇರೆ ಟಬ್ಬಿನ ಚಿಕಿತ್ಸೆ.

ಅಯೋಡಿನ್ ಉಪ್ಪು ಮೀನನ್ನು ಕೊಲ್ಲುತ್ತದೆ ಎಂಬ ಫಾರ್ವರ್ಡ್ ಕೂಡ ಓಡಾಡುತ್ತದೆ. ಅದು ಸುಳ್ಳು. ಈ ಪ್ರಮಾಣದ ಉಪ್ಪಿನಿಂದ ನೀರಿಗೆ ಸೇರುವ ಅಯೋಡಿನ್ ಸಮುದ್ರದ ನೀರಿನಲ್ಲಿ ಸಹಜವಾಗಿ ಇರುವಷ್ಟನ್ನೂ ದಾಟುವುದು ಕಷ್ಟ. ಅಡುಗೆಮನೆಯ ಉಪ್ಪು, ಕಲ್ಲುಪ್ಪು ಎರಡೂ ಆಗುತ್ತವೆ.

ನೀಲಿ ಔಷಧಿ ಅಂದರೆ ಮೆಥಿಲೀನ್ ಬ್ಲೂ. ಶಿಲೀಂಧ್ರ ಹತ್ತಿದ ಗಾಯಕ್ಕೆ ಬೇರೆ ಟಬ್ಬಿನಲ್ಲಿ ಅದು ಉಪಯೋಗಕ್ಕೆ ಬರುತ್ತದೆ. ಮುಖ್ಯ ಟ್ಯಾಂಕಿಗೆ ಸುರಿದರೆ ಫಿಲ್ಟರ್ ಬ್ಯಾಕ್ಟೀರಿಯಾಗಳಿಗೆ ಪೆಟ್ಟು, ಗಾಜಿನ ಅಂಚಿನ ಸಿಲಿಕೋನ್ ಶಾಶ್ವತವಾಗಿ ನೀಲಿ. ಮೆಡಿಕಲ್ ಶಾಪಿನ ಟೆಟ್ರಾಸೈಕ್ಲಿನ್ ಕ್ಯಾಪ್ಸೂಲ್ ಒಡೆದು ಹಾಕುವುದಂತೂ ಬೇಡವೇ ಬೇಡ. ಬೋರ್‌ವೆಲ್‌ನ ಗಡಸು ನೀರಿನ ಕ್ಯಾಲ್ಸಿಯಂಗೆ ಅಂಟಿಕೊಂಡು ಅದು ಅರ್ಧ ನಿಷ್ಪ್ರಯೋಜಕವಾಗುತ್ತದೆ, ಔಷಧಿಗೆ ಬಗ್ಗದ ಬ್ಯಾಕ್ಟೀರಿಯಾ ಬೆಳೆಯಲು ಮಾತ್ರ ದಾರಿಯಾಗುತ್ತದೆ.

ಕಚ್ಚಿದವರು ಯಾರು?

ಅರ್ಧ ಗಂಟೆ ಟ್ಯಾಂಕಿನ ಮುಂದೆ ಅಲ್ಲಾಡದೆ ಕುಳಿತು ನೋಡಿ. ಇದಕ್ಕೆ ಬದಲಾಗಿ ಯಾವ ಔಷಧಿಯೂ ಇಲ್ಲ. ಏಂಜಲ್, ಗೌರಾಮಿ, ಫೈಟರ್‌ನಂಥ ಉದ್ದ ರೆಕ್ಕೆಯ ಮೀನುಗಳ ಜೊತೆ ಟೈಗರ್ ಬಾರ್ಬ್ ಇದ್ದರೆ ಹುಡುಕುವ ಕಷ್ಟವೇ ಇಲ್ಲ, ರೆಕ್ಕೆ ಕೀಳುವುದು ಅದರ ಸ್ವಭಾವ. ಟೈಗರ್ ಬಾರ್ಬ್ ಎರಡು ಮೂರೇ ಇದ್ದರೆ ಕಾಟ ಇನ್ನೂ ಹೆಚ್ಚು. ಗುಂಪು ದೊಡ್ಡದಿದ್ದರೆ ಒಂದಿಷ್ಟು ತಮ್ಮತಮ್ಮಲ್ಲೇ ಜಗಳವಾಡಿಕೊಳ್ಳುತ್ತವೆ.

ಗಾಯಗೊಂಡ ಮೀನನ್ನು ಬೇರೆ ಮಾಡಲು ಇನ್ನೊಂದು ಗಾಜಿನ ಟ್ಯಾಂಕ್ ಬೇಕಿಲ್ಲ. ಸೋಪು ತಾಕದ 20 ಲೀಟರಿನ ಪ್ಲಾಸ್ಟಿಕ್ ಟಬ್, ಒಂದು ಏರ್ ಪಂಪ್, ಒಂದು ಸ್ಪಂಜ್ ಫಿಲ್ಟರ್ ಸಾಕು. ಹಳೆಯ ಟ್ಯಾಂಕಿನ ಸ್ಪಂಜಿನ ತುಂಡೊಂದನ್ನು ಅದರಲ್ಲಿಟ್ಟರೆ ಬ್ಯಾಕ್ಟೀರಿಯಾಗಳೂ ಜೊತೆಗೆ ಬಂದಂತೆ. ಬೆಳಕು ಕಡಿಮೆ ಇರಲಿ, ಅಡಗಲು ಜಾಗವಿರಲಿ, ಆಹಾರ ಚಿಟಿಕೆಯಷ್ಟೇ. ಟಬ್ಬಿಗೂ ಅನುಕೂಲವಿಲ್ಲದಿದ್ದರೆ ಟ್ಯಾಂಕಿನೊಳಗೇ ತೂಗುಹಾಕುವ ಬ್ರೀಡಿಂಗ್ ಬಾಕ್ಸ್ ಆದೀತು. ಆಗ ನೀರು ಒಂದೇ ಆದ್ದರಿಂದ ಉಪ್ಪು, ಔಷಧಿ ಹಾಕುವಂತಿಲ್ಲ, ಹೊಸ ಮೀನು ತಂದ ರೋಗವನ್ನೂ ತಡೆಯಲಾಗುವುದಿಲ್ಲ.

ದಿನಾ ಒಂದು ಫೋಟೊ ತೆಗೆದು ಹೋಲಿಸಿ ನೋಡಿ. ಹರಿದ ಅಂಚಿನಲ್ಲಿ ಗಾಜಿನಂಥ ಪಾರದರ್ಶಕ ಪೊರೆ ಕಂಡರೆ ಅದು ಹೊಸ ರೆಕ್ಕೆ, ಏನೂ ಮಾಡಬೇಡಿ. ಅಂಚು ಬಿಳಿಚಿ ಅಥವಾ ಕೆಂಪಾಗಿ ದಿನೇ ದಿನೇ ಒಳಗೆ ಸರಿಯುತ್ತಿದ್ದರೆ ಕೊಳೆ ಹತ್ತಿದೆ ಎಂದರ್ಥ. ಹತ್ತಿಯಂಥ ಬಿಳಿ ಬೆಳವಣಿಗೆ ಶಿಲೀಂಧ್ರವೇ ಆಗಿರಬೇಕಿಲ್ಲ. ಕಾಲಮ್ನಾರಿಸ್ ಎಂಬ ಬ್ಯಾಕ್ಟೀರಿಯಾ ಸೋಂಕೂ ಹಾಗೆಯೇ ಕಾಣುತ್ತದೆ, ಅದು ಬಿಸಿ ನೀರಿನಲ್ಲಿ ವೇಗವಾಗಿ ಹಬ್ಬುತ್ತದೆ. ಹೀಟರ್ ಏರಿಸಿ ಎಂಬ ಸಲಹೆ ಅಲ್ಲಿ ತಿರುಗುಬಾಣ.

ಇನ್ನು ಮೀನು ಕಷ್ಟ ಹೊತ್ತುಕೊಂಡು ಹೋಗುತ್ತದೆ ಎಂಬ ಮಾತು. ಮಗುವನ್ನು ಸಮಾಧಾನಪಡಿಸಲು ಹೇಳಿದ್ದಾದರೆ ನನ್ನ ತಕರಾರಿಲ್ಲ. ಆದರೆ ಸತ್ತದ್ದಕ್ಕೆ ಅದೇ ಕಾರಣವೆಂದು ನಂಬಿದರೆ ಯಾರೂ ನೀರು ಪರೀಕ್ಷಿಸುವುದಿಲ್ಲ. ಉಳಿದ ಮೀನುಗಳು ಈಜುತ್ತಿರುವುದು ಅದೇ ನೀರಿನಲ್ಲಿ. ಅಮೋನಿಯಾ ಟೆಸ್ಟ್ ಕಿಟ್ ಅಕ್ವೇರಿಯಂ ಅಂಗಡಿಯಲ್ಲೂ ಆನ್‌ಲೈನ್‌ನಲ್ಲೂ ಸಿಗುತ್ತದೆ. ಅದರಲ್ಲಿ ಅಮೋನಿಯಾ ಸೊನ್ನೆ ಬರಬೇಕು.

ಗಾಯ ಮುಚ್ಚಿದ ಮೇಲೂ ಎರಡು ವಾರ ಟಬ್ಬಿನಲ್ಲೇ ಇರಲಿ. ಮರಳಿ ಬಿಡುವ ದಿನ ಟ್ಯಾಂಕಿನ ಕಲ್ಲು, ಗಿಡಗಳ ಜಾಗ ಬದಲಿಸಿ, ಲೈಟ್ ಆರಿಸಿ, ಆಮೇಲೆ ಬಿಡಿ. ಎಲ್ಲ ಮೀನುಗಳಿಗೂ ಜಾಗ ಹೊಸದೆನಿಸಿದಾಗ ಹಳೆಯ ದಾದಾಗಿರಿ ಸ್ವಲ್ಪ ತಗ್ಗುತ್ತದೆ. ನಿಮ್ಮ ಕೈಯಲ್ಲಿ ಗಾಯವಿದ್ದರೆ ಗ್ಲೌಸ್ ಹಾಕಿಕೊಂಡೇ ನೀರಿಗೆ ಕೈ ಹಾಕಿ. ಮೈಕೋಬ್ಯಾಕ್ಟೀರಿಯಂ ಮರೀನಮ್ ಎಂಬ ಬ್ಯಾಕ್ಟೀರಿಯಾ ಮೀನಿನ ಟ್ಯಾಂಕಿನಿಂದ ಮನುಷ್ಯರ ಚರ್ಮಕ್ಕೂ ಬರುತ್ತದೆ. ಕೈಮೇಲೆ ವಾರಗಟ್ಟಲೆ ಮಾಯದ ಗಂಟು ಕಾಣಿಸಿದರೆ, ಮನೆಯಲ್ಲಿ ಅಕ್ವೇರಿಯಂ ಇದೆ ಎಂದು ಡಾಕ್ಟರಿಗೆ ಮರೆಯದೆ ಹೇಳಿ.